‘ಜೆಂತೀಲೆ’ಗೆ ಕನ್ನಡದಲ್ಲಿ ‘ಮನೆತನಸ್ಥ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದ ಮಾಡುತ್ತಾ ಇಟಾಲಿಯನ್ನಿನ ‘ಜೆಂತೀಲೆ’ ಪದಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ. ದಯೆ, ನಯ, ಸೌಜನ್ಯ ಎಲ್ಲ ಅದರಲ್ಲೇ ಇದೆ. ಪರಿಚಯವಿಲ್ಲದ ಹೆಂಗಸಿಗೆ ಕಾಗದ ಬರೆದರೂ ‘ಜೆಂತೀಲೆ ಸಿನ್ಯೋರಾ’ ಅಂತ ಶುರು ಮಾಡುತ್ತಾರೆ.

ಲ್ಯಾಟಿನ್ನಿನಲ್ಲಿ ‘ಗೆನ್ಸ್’ ಅಂದರೆ ಕುಲ. ‘ಗೆಂತೀಲಿಸ್’ ಅಂದರೆ ಅದೇ ಕುಲದವನು, ಅಷ್ಟೇ. ದಯೆಯ ಸುಳಿವೂ ಇಲ್ಲ. ಹಳೆಯ ಫ್ರೆಂಚಿನಲ್ಲಿ ಅದು ‘ದೊಡ್ಡ ಮನೆತನದವನು’ ಆಯಿತು. ದೊಡ್ಡ ಮನೆಯವರು ಹೀಗೆ ನಡೆದುಕೊಳ್ಳಬೇಕು ಅನ್ನೋದು ನಿಧಾನವಾಗಿ ಪದಕ್ಕೇ ಅಂಟಿಕೊಂಡಿತು, ಮನೆತನ ಉದುರಿಹೋಯಿತು. ಇವತ್ತು ಯಾರಾದರೂ ಸಣ್ಣ ಉಪಕಾರ ಮಾಡಿದರೆ ಫ್ರೆಂಚರು ‘ಸೆ ಜಾಂತಿ’ ಅಂತಾರೆ. ಬರೆಯುವಾಗ ಕೊನೆಗೊಂದು ‘ಲ್’ ಇದೆ, ಬಾಯಲ್ಲಿ ಇಲ್ಲ. ಪೋರ್ಚುಗೀಸಿನ ‘ಜೆಂತಿಲ್’ ಕೂಡ ಒಳ್ಳೆಯತನದ ಮಾತೇ. ಸ್ಪ್ಯಾನಿಷ್‌ನಲ್ಲಿ ‘ಹೆಂತಿಲ್’ ಇದ್ದರೂ ‘ಅಮಾಬ್ಲೆ’ಯ ಬಳಕೆ ಜಾಸ್ತಿ, ಅದರ ಬೇರು ಬೇರೆ.

ಇಂಗ್ಲಿಷಿಗೆ ಮಾತ್ರ ಒಂದು ಸಲ ತಗೊಂಡು ಸಾಕಾಗಲಿಲ್ಲ. ಜೆಂಟಲ್ (ಮೃದು), ಜೆಂಟೀಲ್ (ದೊಡ್ಡವರ ಶಿಷ್ಟಾಚಾರದ), ಜಾಂಟಿ (ಲವಲವಿಕೆಯ), ಜೆಂಟೈಲ್ ನಾಲ್ಕೂ ಇದೇ ಪದ. ‘ಜಾಂಟಿ’ ಅಂತೂ ಫ್ರೆಂಚರ ಉಚ್ಚಾರಣೆ ಕಿವಿಗೆ ಬಿದ್ದಂತೆ ಬರೆದುಕೊಂಡದ್ದು. ‘ಜೆಂಟೈಲ್’ ಬಂದದ್ದು ಚರ್ಚಿನ ದಾರಿಯಲ್ಲಿ. ಅಲ್ಲಿ ‘ಕುಲದವರು’ ಅನ್ನೋದು ‘ಬೇರೆ ಕುಲದವರು’ ಆಗಿ, ಯೆಹೂದಿಯಲ್ಲದವರು, ಕ್ರೈಸ್ತರಲ್ಲದವರು ಅಂತ ತಿರುಗಿಕೊಂಡಿತು. ಗೋವಾಕ್ಕೆ ಬಂದ ಪೋರ್ಚುಗೀಸರು ಹಿಂದೂಗಳನ್ನು ‘ಜೆಂತಿಯು’ ಅಂತ ಕರೆದದ್ದು ಈ ಅರ್ಥದಲ್ಲೇ. ಇಂಗ್ಲಿಷರ ಬಾಯಲ್ಲಿ ಅದು ‘ಜೆಂಟೂ’. 1776ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ ಹಾಲ್ಹೆಡ್ ಅಚ್ಚು ಹಾಕಿಸಿದ ಹಿಂದೂ ಕಾನೂನಿನ ಪುಸ್ತಕದ ಹೆಸರಲ್ಲೂ ‘ಜೆಂಟೂ’ ಇದೆ. ಮದ್ರಾಸಿನ ಇಂಗ್ಲಿಷರಿಗೆ ಜೆಂಟೂ ಅಂದರೆ ತೆಲುಗು! ಜೆಂಟಲ್‌ಮನ್‌ಗೂ ಜೆಂಟೂಗೂ ಮುತ್ತಜ್ಜ ಒಬ್ಬನೇ ಅಂದಿದ್ದರೆ ಆಗಿನ ಸಾಹೇಬರ ಮುಖ ನೋಡಬೇಕಿತ್ತು.

ಈಗ ನನ್ನ ಪ್ರಶ್ನೆ. ನಮ್ಮ ‘ಕುಲೀನ’ ಕುಲ ಬಿಟ್ಟು ಕದಲಲಿಲ್ಲ. ಆದರೆ ‘ಒಳ್ಳೆ ಮನೆತನದ ಹುಡುಗ’ ಅಂದಾಗ ಅರ್ಧ ಮನೆ, ಅರ್ಧ ನಡತೆ, ಅಲ್ವಾ? ‘ಮನೆತನಸ್ಥ’ ಅನ್ನೋದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆಯಾ? ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು ಅಂದುಕೊಳ್ಳಿ. ಅವರ ಊರು ಮನೆ ಏನೂ ಗೊತ್ತಿಲ್ಲ. ಬರೀ ನಡತೆ ನೋಡಿ ‘ಮನೆತನಸ್ಥರು’ ಅಂತ ನಿಮ್ಮ ಕಡೆ ಹೇಳ್ತಾರಾ? ‘ಸಂಭಾವಿತ’ ನನಗೆ ತುಸು ಬಿಗಿ ಅನ್ನಿಸುತ್ತದೆ. ‘ಸೌಮ್ಯ’ದಲ್ಲಿ ಸಿಟ್ಟಿಲ್ಲ ಸರಿ, ದಯೆಯೂ ಕಡಿಮೆ. ಧಾರವಾಡದ ಕಡೆಯವರು, ಕರಾವಳಿಯವರು ಸುಮ್ನೆ ಪದ ಕೊಡದೆ, ಮಾತಿನಲ್ಲಿ ಕೇಳಿದ ಒಂದು ವಾಕ್ಯದ ಜೊತೆ ಬರೆದರೆ ಉಪಕಾರವಾಗುತ್ತದೆ.