ಅಪ್‌ಡೇಟ್: ಕೆಜಿಎಫ್ ಹಳೇ ಗಣಿ ಫೋಟೋ ತೆಗೆಯಲು ಹೋಗಿ ಬಂದೆ

ಕೋಲಾರ ಚಿನ್ನದ ಗಣಿಯ ಪಾಳುಬಿದ್ದ ಕಟ್ಟಡಗಳ ಒಳಗೆ ಫೋಟೋ ತೆಗೆಯಬಹುದಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಹೋಗಿ ಬಂದೆ. ಒಳಗೆ ಮಾತ್ರ ಹೋಗಲಿಲ್ಲ. ಗೇಟಿನಲ್ಲಿದ್ದವರು ‘ಪರ್ಮಿಷನ್ ಲೆಟರ್ ಇಲ್ದೆ ಆಗಲ್ಲ ಸಾರ್’ ಅಂದರು. ಹಿಂದಿನ ಗೋಡೆ ಹಾರುವ ಆಸೆ ಒಂದು ಕ್ಷಣ ಬಂದಿದ್ದು ನಿಜ, ಆದರೆ ಅಲ್ಲಿನ ಚಾಂಪಿಯನ್ ರೀಫ್ ಅನ್ನೋ ಗಣಿ ಮೂರು ಕಿಲೋಮೀಟರಿಗಿಂತ ಆಳ, ಎಲ್ಲಿ ನೆಲ ಟೊಳ್ಳು ಅಂತ ಮೇಲಿಂದ ಗೊತ್ತಾಗಲ್ಲ ಅಂತ ನಿಮ್ಮಲ್ಲೊಬ್ಬರು ಬರೆದಿದ್ದು ನೆನಪಾಗಿ ಸುಮ್ನೆ ವಾಪಸ್ ಬಂದೆ.

ಬರಿಗೈಲಿ ಬರಲಿಲ್ಲ ಬಿಡಿ. ಗಣಿ ಮುಚ್ಚಿದ್ದು 2001ರಲ್ಲಿ, ಆದರೂ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಮೇಲಿನ ಕಬ್ಬಿಣದ ಗೋಪುರ, ತುದಿಯ ದೊಡ್ಡ ಚಕ್ರ ರಸ್ತೆಯಿಂದಲೇ ಕಾಣುತ್ತವೆ. ಜೂಮ್ ಲೆನ್ಸ್ ಒಯ್ಯಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಬೆಳಗಿನ ಓರೆ ಬೆಳಕಲ್ಲಿ ತುಕ್ಕು ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ!

ಎಡವಟ್ಟಾಗಿದ್ದು ಸೈನೈಡ್ ದಿಬ್ಬದ ಹತ್ತಿರ. ಅದಿರು ಅರೆದು, ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ನುಣುಪು ಪುಡಿಯ ಗುಡ್ಡ ಅದು. ಗಾಳಿಗೆ ಧೂಳು ಏಳುತ್ತಿತ್ತು, ನಾನು ಅಲ್ಲೇ ಲೆನ್ಸ್ ಬದಲಿಸಿದೆ. ಕ್ಯಾಮೆರಾ ಒಳಗೆ ಧೂಳು ಹೋಗಿ, ಈಗ ಪ್ರತಿ ಫೋಟೋದ ಆಕಾಶದಲ್ಲೂ ಚುಕ್ಕೆ. ಮಾಸ್ಕ್ ಕೂಡ ಹಾಕಿರಲಿಲ್ಲ, ದಡ್ಡತನ.

ಟೀ ಅಂಗಡಿಯಲ್ಲಿ ಒಬ್ಬ ಹಳೇ ಗಣಿ ಕೆಲಸಗಾರರು ಸಿಕ್ಕರು. ಅವರ ತಮಿಳು, ನನ್ನ ಕನ್ನಡ, ಒಂದು ಗಂಟೆ ಹರಟೆ. ಅವರ ಕೈಗಳ ಫೋಟೋನೇ ನನಗೆ ಜಾಸ್ತಿ ಇಷ್ಟ. ಪರ್ಮಿಷನ್‌ಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ.