6 ಅಡಿ ಕ್ಯಾನ್ವಾಸ್: ಬಿಳಿ ಪದರ ಬಿರುಕು ಬಿಟ್ಟಿದೆ, ಬಟ್ಟೆ ಜೋತು ಬಿದ್ದಿದೆ, ಏನು ಮಾಡಲಿ?

ಚಿತ್ತಾರ_ಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಮನೆ ಸಾಗರದ ಹತ್ತಿರ. ದೀವರು ಎಂಬ ಸಮುದಾಯದ ಮನೆ. ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಜ್ಜಿ ಹಸೆ ಚಿತ್ತಾರ ಬರೆಯುತ್ತಿದ್ದರು. ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಪುಂಡಿ ನಾರಿನ ಬ್ರಷ್. ಈಗ ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದೇನೆ. ಗೋಡೆಗೆ ಏನೂ ಹಚ್ಚುವ ಹಾಗಿಲ್ಲ. ಅದಕ್ಕೇ 6 ಅಡಿ ಉದ್ದ, 4 ಅಡಿ ಎತ್ತರದ ಕ್ಯಾನ್ವಾಸ್ ಮಾಡಿಕೊಂಡು ಅದರ ಮೇಲೆ ಬರೆಯೋಣ ಅಂತ ಹೊರಟೆ. ಈ ಅಳತೆಯ ರೆಡಿಮೇಡ್ ಕ್ಯಾನ್ವಾಸ್ ನನ್ನ ಕೈಗೆ ಎಟುಕುವ ಬೆಲೆಯಲ್ಲಿ ಇರಲಿಲ್ಲ.

1 ಇಂಚಿನ ಮರದ ಪಟ್ಟಿ, ಅಂದರೆ ರೀಪರ್‌ನಿಂದ ಚೌಕಟ್ಟು ಮಾಡಿಸಿ ಕೋರಾ ಬಟ್ಟೆ ಬಿಗಿದೆ. ಮೇಲೆ ಗೋಡೆಗೆ ಹಚ್ಚುವ ಬಿಳಿ ಸಿಮೆಂಟ್ ಪುಟ್ಟಿ ಎರಡು ಕೋಟ್. ಆಮೇಲೆ ಊರಿಂದ ತಂದ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಬಳಿದೆ. ಒಣಗಿದಾಗ ನೋಡಲು ಅಜ್ಜಿಮನೆಯ ಗೋಡೆಯ ಹಾಗೇ ಇತ್ತು. ಎತ್ತಿ ನಿಲ್ಲಿಸಿದೆ ನೋಡಿ, ಮೇಲೆಲ್ಲ ಜೇಡರ ಬಲೆಯ ಹಾಗೆ ಬಿರುಕು. ಪುಟ್ಟಿ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಮುಟ್ಟಿದರೆ ಕೈಯೆಲ್ಲ ಕೆಂಪು. ನಡುವೆ ಬಟ್ಟೆ ಜೋತು ಬಿದ್ದಿದೆ. ಗೋಡೆಗೆ ಒರಗಿಸಿದರೆ ಒಂದು ಮೂಲೆ ಒಂದಿಂಚು ಮುಂದೆ ನಿಲ್ಲುತ್ತದೆ. ಚಿತ್ತಾರದಲ್ಲಿ ಇರುವುದೆಲ್ಲ ನೇರ, ಸಣ್ಣ ಗೆರೆ. ಜೋಲು ಬಟ್ಟೆ ಮೇಲೆ ಗೆರೆ ನಿಲ್ಲುತ್ತಿಲ್ಲ. ಇದನ್ನು ಉಳಿಸಿಕೊಳ್ಳಬಹುದಾ?

ಹೊಸ_ಕುಂಚ:
ಫೆವಿಕಾಲ್‌ಗೆ ನೀರು ಬೆರೆಸಿ ಬಿರುಕಿನ ಮೇಲೆ ಒಂದು ಕೋಟ್ ಹಚ್ಚಿ ನೋಡಿ ಮೇಡಂ. ಚಕ್ಕೆ ಕೂತುಕೊಳ್ಳುತ್ತೆ.

ಬಣ್ಣದ_ಬಕೆಟ್:
ಅದು ಬೇಡ. ಮೇಲಿನ ಪದರ ಅಂಟಿಕೊಂಡರೂ ಕೆಳಗಿನ ಪುಟ್ಟಿ ಮತ್ತೆ ಒಡೆಯುತ್ತದೆ. ಗೋಡೆ ಅಲ್ಲಾಡುವುದಿಲ್ಲ, ಬಟ್ಟೆ ಅಲ್ಲಾಡುತ್ತದೆ. ಎತ್ತಿದರೆ ಬಾಗುತ್ತದೆ, ಮಳೆಗಾಲ ಬಂದರೆ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ಸಿಮೆಂಟ್ ಪುಟ್ಟಿ ಒಣಗಿದರೆ ಕಲ್ಲು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಅಷ್ಟೇ. ಬಟ್ಟೆಯ ಮೇಲೆ ಹಚ್ಚುವುದು ಒಣಗಿದ ಮೇಲೂ ಬಾಗುವಂಥದ್ದಾಗಿರಬೇಕು.

ಕೆಮ್ಮಣ್ಣಿನದೂ ಅದೇ ಕಥೆ. ಮಣ್ಣಿನ ಗೋಡೆಯಲ್ಲಿ ಅದು ಗೋಡೆಯ ಜೊತೆಗೇ ಸೇರಿಹೋಗುತ್ತದೆ. ಬಟ್ಟೆಯ ಮೇಲೆ ಅದನ್ನು ಹಿಡಿದಿಡಲು ಅಂಟು ಬೇಕು. ನೀವು ಹಾಕಿದ್ದು ಬರೀ ನೀರು.

ಹಾಗಾಗಿ ಈ ಬಟ್ಟೆಯನ್ನು ಬಿಟ್ಟುಬಿಡಿ. ಬೇಜಾರಾಗುತ್ತದೆ ಅಂತ ಗೊತ್ತು. ಚೌಕಟ್ಟು ಉಳಿಯಬಹುದು, ಅದನ್ನು ಮರದ ಕೆಲಸದವರು ಹೇಳಲಿ.

ರೀಪರ್_ಮೊಳೆ:
ಮೇಡಂ, ಬಟ್ಟೆ ತೆಗೆಯುವ ಮೊದಲು ಮೂರು ಅಳತೆ ಹೇಳಿ. ಎರಡೂ ತುದಿಯಲ್ಲಿ ಚೌಕಟ್ಟಿನ ಎತ್ತರ ಎಷ್ಟು? ಸರಿಯಾಗಿ ನಡುವೆ ಎತ್ತರ ಎಷ್ಟು? ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಎಷ್ಟು? ಹಿಂದೆ ನಡುವೆ ಅಡ್ಡಪಟ್ಟಿ ಇದೆಯಾ?

ಚಿತ್ತಾರ_ಗೆರೆ:
ತುದಿಗಳಲ್ಲಿ 48 ಇಂಚು. ನಡುವೆ 47 ಇಂಚಿಗೆ ಸ್ವಲ್ಪ ಜಾಸ್ತಿ. ಮೂಲೆ-ಮೂಲೆ ಒಂದು ಕಡೆ 86, ಇನ್ನೊಂದು ಕಡೆ 87. ಅಡ್ಡಪಟ್ಟಿ ಇಲ್ಲ ಸರ್.

ರೀಪರ್_ಮೊಳೆ:
ಹಾಗಾದರೆ ಕಾರಣ ಅಲ್ಲೇ ಇದೆ. 6 ಅಡಿಯ ಪಟ್ಟಿಯನ್ನು ಬಟ್ಟೆ ಒಳಗೆ ಎಳೆದು ಬಿಲ್ಲಿನ ಹಾಗೆ ಬಗ್ಗಿಸಿದೆ. ಪಟ್ಟಿ ಒಳಗೆ ಬಂದಷ್ಟೂ ಬಟ್ಟೆ ಸಡಿಲ. ನೀವು ಎಷ್ಟು ಬಿಗಿದರೂ ಪಟ್ಟಿ ಮತ್ತಷ್ಟು ಬಗ್ಗುತ್ತದೆ. 48ಕ್ಕೆ 72 ಇಂಚಿನ ಚೌಕಟ್ಟಿಗೆ ಮೂಲೆ-ಮೂಲೆ ಎರಡೂ ಕಡೆ 86.5 ಇಂಚು ಬರಬೇಕು. ನಿಮ್ಮದು ಓರೆಯಾಗಿದೆ.

ಬಟ್ಟೆ ಬಿಚ್ಚಿ. ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಓರೆ ತೆಗೆದು 86.5ಕ್ಕೆ ತನ್ನಿ. ನಾಲ್ಕೂ ಮೂಲೆಗೆ ಹಿಂದಿನಿಂದ ಪ್ಲೈವುಡ್ ತ್ರಿಕೋನ, ಅಂಟು ಹಾಕಿ ಸ್ಕ್ರೂ. ಪ್ಲೈವುಡ್ ಅಂಗಡಿಯಲ್ಲಿ ತುಂಡು ಕೇಳಿ, ಎಷ್ಟೋ ಸಲ ಸುಮ್ನೆ ಕೊಡುತ್ತಾರೆ. ಆಮೇಲೆ 2 ಅಡಿಗೆ ಒಂದು, 4 ಅಡಿಗೆ ಒಂದು, ಹೀಗೆ ಎರಡು ಅಡ್ಡಪಟ್ಟಿ. ಅವು ಮುಂದಿನ ಮಟ್ಟಕ್ಕಿಂತ ಅರ್ಧ ಇಂಚು ಹಿಂದೆ ಇರಲಿ. ಇಲ್ಲದಿದ್ದರೆ ಬ್ರಷ್ ಒತ್ತಿದಾಗ ಪಟ್ಟಿಯ ಗುರುತು ಚಿತ್ರದ ಮೇಲೆ ಮೂಡುತ್ತದೆ. ಹೊರ ಅಂಚಿನ ಸುತ್ತ ಮುಂಭಾಗಕ್ಕೆ ಕಾಲು ಇಂಚಿನ ಬೀಡಿಂಗ್ (ಸಣ್ಣ ಮರದ ಪಟ್ಟಿ) ಹೊಡೆದರೆ ಇನ್ನೂ ಒಳ್ಳೆಯದು. ಆಗ ಬಟ್ಟೆ ಬೀಡಿಂಗ್ ಮೇಲೆ ಮಾತ್ರ ಕೂರುತ್ತದೆ, ಚಪ್ಪಟೆ ಮರಕ್ಕೆ ತಾಗುವುದಿಲ್ಲ.

ಒಂದು ಮೂಲೆ ಮುಂದೆ ಬರುವುದು ಮರ ಹಸಿಯಿದ್ದದ್ದರಿಂದ ಇರಬಹುದು. ಒಣಗುವಾಗ ತಿರುಚಿಕೊಂಡಿದೆ. ಬಟ್ಟೆ ಬಿಚ್ಚಿದ ಮೇಲೂ ನೆಲದಲ್ಲಿ ಆ ಮೂಲೆ ಎದ್ದೇ ಇದ್ದರೆ ಆ ಒಂದು ಪಟ್ಟಿ ಬದಲಿಸಿ. ಕೊಳ್ಳುವಾಗ ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಸೊಟ್ಟ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಬಣ್ಣದ_ಬಕೆಟ್:
ಈಗ ಬಟ್ಟೆ. ಕೋರಾ ಬಟ್ಟೆ ಆಗುತ್ತದೆ, ಆದರೆ ಈ ಅಳತೆಗೆ ಟೆಂಟು, ಚೀಲ ಹೊಲಿಯುವ ದಪ್ಪ ಕಾಟನ್ ಕ್ಯಾನ್ವಾಸೇ ನನಗೆ ಇಷ್ಟ. 58 ಇಂಚು ಪನ್ನದ್ದು 2 ಮೀಟರ್ ಸಾಕು. ಸುತ್ತಲೂ ಮಡಚಲು 3 ಇಂಚು ಸಿಗುತ್ತದೆ. ಒಗೆಯಬೇಡಿ, ಇಸ್ತ್ರಿ ಮಾಡಿ.

ಬಿಗಿಯುವಾಗ ಮೂಲೆಯಿಂದ ಶುರು ಮಾಡಬೇಡಿ. ನಾಲ್ಕೂ ಬದಿಯ ನಡುವೆ ಮೊದಲು ಒಂದೊಂದು ಪಿನ್. ಆಮೇಲೆ ಈ ಕಡೆ ಒಂದು, ಎದುರುಗಡೆ ಒಂದು, ಎರಡೆರಡು ಇಂಚಿಗೆ ಹೊಡೆಯುತ್ತಾ ಮೂಲೆಗೆ ಹೋಗಿ. ಮೂಲೆ ಮಡಚುವುದು ಕಡೆಗೆ. ಒಬ್ಬರು ಎಳೆದು ಹಿಡಿದರೆ ಕೆಲಸ ಸಲೀಸು.

ಪುಟ್ಟಿಯ ಬದಲು ನೀರಿನ ಅಕ್ರಿಲಿಕ್ ಪ್ರೈಮರ್. 1 ಲೀಟರ್ ತಂದರೆ ಮಿಗುತ್ತದೆ. ಮೊದಲ ಕೋಟ್ ನೀರಾಗಿಸಿ ಬಟ್ಟೆಯೊಳಗೆ ಉಜ್ಜಿ. ಬಟ್ಟೆ ನೆನೆದು ಒಣಗುವಾಗ ತಾನೇ ಬಿಗಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಎರಡನೆಯದು, ನಡುವೆ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಎಣ್ಣೆ ಪ್ರೈಮರ್ ಬೇಡ. ಎಣ್ಣೆ ನೇರವಾಗಿ ಹತ್ತಿಗೆ ತಾಗಿದರೆ ವರ್ಷಗಳಲ್ಲಿ ಬಟ್ಟೆಯನ್ನೇ ಹಾಳುಮಾಡುತ್ತದೆ.

ನಿಮ್ಮ ಕೆಮ್ಮಣ್ಣನ್ನು ಮಾತ್ರ ಬಿಡಬೇಡಿ. ಆ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಬಕೆಟ್ ನೀರಲ್ಲಿ ಕದಡಿ ಒಂದು ನಿಮಿಷ ಬಿಡಿ. ಮರಳು, ಕಲ್ಲು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ನುಣ್ಣನೆ ಮಣ್ಣು ಇರುತ್ತದೆ. ಅದಕ್ಕೆ ಅಕ್ರಿಲಿಕ್ ಮೀಡಿಯಂ (ಬಣ್ಣವನ್ನು ಹಿಡಿದಿಡುವ ಅಂಟು) ಬೆರೆಸಿ. ಎಷ್ಟು ಬೇಕೆಂದು ಬಟ್ಟೆಯ ತುಂಡುಗಳ ಮೇಲೆ ನೋಡಿಕೊಳ್ಳಿ. ಮಾರನೇ ದಿನ ಬಿಳಿ ಬಟ್ಟೆಯಿಂದ ಉಜ್ಜಿ. ಕೆಂಪು ಹತ್ತಿದರೆ ಮೀಡಿಯಂ ಕಡಿಮೆಯಾಗಿದೆ. ತುಂಡು ಮಡಚಿದಾಗ ಒಡೆದರೆ ಮಣ್ಣು ಜಾಸ್ತಿಯಾಗಿದೆ, ಇಲ್ಲವೇ ದಪ್ಪ ಹಚ್ಚಿದ್ದೀರಿ. ಗೆರೆಗೆ ಅಕ್ಕಿ ಹಿಟ್ಟಿನ ಬದಲು ಬಿಳಿ ಅಕ್ರಿಲಿಕ್ ಇರಲಿ. ಅಕ್ಕಿಗೆ ಜಿರಳೆ, ಬೂಷ್ಟು ಎರಡೂ ಬರುತ್ತವೆ.

ಚಿತ್ತಾರ_ಗೆರೆ:
ಮೂರು ವಾರ ಆಯಿತು. ಒಂದು ಪಟ್ಟಿ ಬದಲಿಸಿದೆ, ಅಡ್ಡಪಟ್ಟಿ ಹಾಕಿಸಿದೆ. ಈಗ ನಡುವೆಯೂ 48 ಇಂಚೇ. ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು. ಕೆಮ್ಮಣ್ಣು ಮೂರನೇ ಪ್ರಯತ್ನಕ್ಕೆ ಸರಿಹೋಯಿತು. ಮೊದಲ ತುಂಡಿನಲ್ಲಿ ಕೈಗೆ ಹತ್ತಿತು, ಎರಡನೆಯದು ಮೀಡಿಯಂ ಜಾಸ್ತಿಯಾಗಿ ಪ್ಲಾಸ್ಟಿಕ್ ಥರ ಹೊಳೆಯಿತು. ಅಮ್ಮ ಊರಿಂದ ಪುಂಡಿ ನಾರು ಕಳಿಸಿದ್ದಾರೆ. ನಿನ್ನೆ ಸುತ್ತಿನ ಅಂಚು ಬರೆದೆ. ಗೆರೆ ನಿಂತಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಒಂದೇ ಪ್ರಶ್ನೆ ಉಳಿದಿದೆ. ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ. ಎರಡು ಕಡೆ ಅಂಟುವ ಟೇಪ್ ಸಾಕಾಗುತ್ತದಾ?

ರೀಪರ್_ಮೊಳೆ:
ಬೇಡವೇ ಬೇಡ. ಇಷ್ಟು ದೊಡ್ಡ ಚೌಕಟ್ಟು ರಾತ್ರಿ ಕಳಚಿ ಬಿದ್ದರೆ ನಿಮ್ಮ ಕೆಲಸವೂ ಹೋಗುತ್ತದೆ, ಗೋಡೆಯ ಬಣ್ಣವೂ ಕಿತ್ತುಬರುತ್ತದೆ. ತಗ್ಗಿನ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿ. ಕೆಳಗೆ ಜಾರದ ಹಾಗೆ ರಬ್ಬರ್ ತುಂಡು ಇಡಿ. ಮೇಲಿನ ಪಟ್ಟಿಯಿಂದ ಪಕ್ಕದ ಕಿಟಕಿ ಸರಳಿಗೆ ಒಂದು ದಾರ ಕಟ್ಟಿ. ಹಿಂದೆ ಎರಡು ಬೆರಳು ಗಾಳಿ ಆಡಲಿ. ಬರೆದು ಮುಗಿದ ಮೇಲೆ ಫೋಟೋ ಹಾಕಿ ಮೇಡಂ, ಕಾಯುತ್ತಿರುತ್ತೇನೆ.