ಟ್ರೇಲ್, ಲೈನ್: ಎರಡಕ್ಕೂ ‘ದಾರಿ’ ಸಾಕೇ?

ಗೆಳೆಯರೇ,

ಕೆಲವು ತಿಂಗಳಿಂದ ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್, ಓಡಿಸಲು ಕಲಿಯುತ್ತಿದ್ದೇನೆ. ಕಲಿತದ್ದನ್ನು ನನ್ನಂಥ ಹೊಸಬರಿಗಾಗಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಬ್ರೇಕ್, ಪೆಡಲ್, ಗೇರ್ ಎಲ್ಲರ ಬಾಯಲ್ಲೂ ಇರುವ ಪದಗಳು, ಅವನ್ನು ಸುಮ್ನೆ ಬದಲಿಸುವುದು ಬೇಡ. ತೊಡಕಾಗಿರುವುದು ಎರಡೇ: ಟ್ರೇಲ್ ಮತ್ತು ಲೈನ್.

ಟ್ರೇಲ್ ಅಂದರೆ ಕಾಡಲ್ಲೋ ಗುಡ್ಡದಲ್ಲೋ ಮಣ್ಣು, ಕಲ್ಲು, ಬೇರುಗಳ ನಡುವೆ ಸಾಗುವ ಕಿರಿದಾದ ದಾರಿ. ಇದಕ್ಕೆ ‘ಕಾಲುದಾರಿ’ ಸಾಕು ಅನಿಸುತ್ತದೆ. ಸೈಕಲ್ಲಿಗೆ ಎಂಥ ಕಾಲುದಾರಿ ಅಂತ ಕೇಳಬಹುದು. ಆದರೆ ಆ ಪದ ಕೇಳಿದ ಕೂಡಲೇ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಜಾಗ ಕಣ್ಣಿಗೆ ಬರುತ್ತದೆ. ‘ಸೀಳುದಾರಿ’ಯಲ್ಲಿ ಕವಲೊಡೆದದ್ದು ಎಂಬ ಅರ್ಥ ಜಾಸ್ತಿ. ‘ಅಡ್ಡದಾರಿ’ ಬೇಡವೇ ಬೇಡ, ಅದು ನಡತೆಯ ಮಾತಾಗಿಬಿಡುತ್ತದೆ.

ಲೈನ್ ಬೇರೆ. ಆ ಕಾಲುದಾರಿಯೊಳಗೆ ಚಕ್ರ ಎಲ್ಲೆಲ್ಲಿ ಉರುಳಬೇಕು ಅಂತ ಸವಾರ ಆರಿಸಿಕೊಳ್ಳುವ ಗೆರೆ ಅದು. ದಾರಿ ಮೂರಡಿ ಅಗಲ ಇದ್ದರೂ ಲೈನ್ ಟೈರಿನಷ್ಟೇ ಅಗಲ.

ಈ ವ್ಯತ್ಯಾಸ ನನಗೆ ತಿಳಿದದ್ದು ಒಂದು ಬೇರಿನ ಮೇಲೆ. ಹಿಂದಿನ ರಾತ್ರಿ ಮಳೆಯಾಗಿತ್ತು. ತೊಗಟೆ ಸವೆದು ನುಣ್ಣಗಾಗಿದ್ದ ಬೇರೊಂದು ದಾರಿಗೆ ಓರೆಯಾಗಿ ಬಿದ್ದಿತ್ತು. ಹಿಂದಿದ್ದ ಗೆಳೆಯ ‘ದಾರಿ ನೋಡು’ ಅಂತ ಕೂಗಿದ. ನಾನು ದಾರಿಯನ್ನೇ ನೋಡಿದೆ, ಅಂದರೆ ಬೇರನ್ನೇ ನೋಡಿದೆ. ಕಣ್ಣು ಹೋದ ಕಡೆಗೇ ಸೈಕಲ್ಲೂ ಹೋಗುತ್ತದೆ. ಮುಂದಿನ ಟೈರ್ ಬೇರಿನ ಗುಂಟ ಜಾರಿತು, ಮೊಣಕೈ ತರಚಿತು. ಅವನ ಮನಸ್ಸಿನಲ್ಲಿ ಇದ್ದದ್ದು ಇಷ್ಟು: ಬೇರನ್ನು ಆದಷ್ಟೂ ನೆಟ್ಟಗೆ ದಾಟುವ ಜಾಗ ಹುಡುಕು, ಬ್ರೇಕ್ ಏನಿದ್ದರೂ ಅದಕ್ಕೆ ಮೊದಲೇ ಹಿಡಿದು ಮುಗಿಸು, ದಾಟುವಾಗ ಕಣ್ಣು ಆಚೆ ಇರಲಿ. ಇದನ್ನೆಲ್ಲ ಕೂಗಿ ಹೇಳಲು ಪುರುಸೊತ್ತು ಎಲ್ಲಿರುತ್ತದೆ? ಒಂದೇ ಪದ ಬೇಕು.

ನನಗೆ ಹೊಳೆದದ್ದು ‘ಜಾಡು’. ಗಾಡಿಯ ಜಾಡು, ಹುಲಿಯ ಜಾಡು ಅನ್ನುತ್ತೇವೆ ಅಲ್ವಾ? ಇಡೀ ದಾರಿಯಲ್ಲ, ನೆಲಕ್ಕೆ ತಾಗಿದಷ್ಟೇ ಭಾಗ. ‘ಜಾಡು ಹಿಡಿ’ ಅಂತ ಕೂಗಿದರೆ ಕಿವಿಗೂ ಹೊಸದಲ್ಲ. ಆದರೆ ಜಾಡು ಅನ್ನುವುದು ಗಾಡಿ ಹೋದ ಮೇಲೆ ಉಳಿಯುವಂಥದ್ದು, ಲೈನ್ ಹೋಗುವ ಮೊದಲೇ ಕಣ್ಣಲ್ಲಿ ಎಳೆದುಕೊಳ್ಳುವಂಥದ್ದು. ಇಂಗ್ಲಿಷಿನ ಟ್ರೇಲ್ ಕೂಡ ಹೀಗೇ ಹೊರಳಿದೆ: ಮೊದಲು ನೆಲದ ಮೇಲೆ ಎಳೆಯುವುದು, ಆಮೇಲೆ ಹಾಗೆ ಉಳಿದ ಗುರುತು, ಕೊನೆಗೆ ದಾರಿ. ಜಾಡೂ ಹಾಗೆ ಹೊರಳಬಹುದು ಅನ್ನುವ ಆಸೆ ನನ್ನದು.

ಈ ಆಟದವರ ಪದಗಳು ಹುಟ್ಟಿದ್ದೂ ಕೆಲಸದಿಂದಲೇ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಇಳಿಜಾರೊಂದರಲ್ಲಿ ‘ರಿಪ್ಯಾಕ್’ ಪಂದ್ಯ ಶುರುವಾಯಿತು. ಹಳೇ ಸೈಕಲ್ಲುಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತಿತ್ತು. ಇಳಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಆ ಮತ್ತೆ ತುಂಬುವ ಕೆಲಸವೇ, ಅಂದರೆ ‘ರಿಪ್ಯಾಕ್’, ಇಳಿಜಾರಿನ ಹೆಸರಾಯಿತು.

ನಿಮ್ಮ ಮಾತಿನಲ್ಲಿ ‘ಜಾಡು’ ಇನ್ನೂ ತುಳಿಯದ, ಮುಂದೆ ಹೋಗಬೇಕಾದ ಗೆರೆಗೆ ಬಳಕೆಯಾಗುತ್ತದೆಯೇ? ಬಂಡಿ ಹೊಡೆಯುವವರು ಚಕ್ರ ಹಾಯಿಸುವ ಜಾಗಕ್ಕೆ ಬೇರೆ ಪದ ಹೇಳುವುದನ್ನು ಕೇಳಿದ್ದರೆ, ಅವರು ಅದನ್ನು ಹೇಳುವ ವಾಕ್ಯದ ಸಮೇತ ತಿಳಿಸಿ.